ಡಾಂಬರು ಮುಗಿದ ಮೇಲೆ ಯಾವ ಜಿಪಿಎಸ್? ನಾಲ್ಕು ಬಗೆ, ಒಂದೇ ದಾರಿ

ಜೀಪಿಗೆ ಜಿಪಿಎಸ್ ಬೇಕು, ಯಾವುದು ತಗೊಳ್ಳಲಿ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಊರೊಳಗೆ ಓಡಾಡೋಕೆ ಯಾವುದಾದರೂ ನಡೆಯುತ್ತದೆ. ಡಾಂಬರು ಮುಗಿದ ಮೇಲೆ ಲೆಕ್ಕ ಬೇರೆ. ಮುಂದೆ ಎಡಕ್ಕೆ ತಿರುಗಿ ಅಂತ ಹೇಳುವ ದನಿಗೆ, ಎಡಗಡೆಯ ದಾರಿ ಕಳೆದ ಮಳೆಗಾಲದಲ್ಲಿ ಕುಸಿದಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಅಲ್ಲಿ ನನಗೆ ಬೇಕಾದದ್ದು, ಬಂದ ದಾರಿಯನ್ನು ತಪ್ಪಿಲ್ಲದೆ ಬರೆದಿಟ್ಟುಕೊಂಡು ಕತ್ತಲಾದರೂ ಅದೇ ದಾರಿಯಲ್ಲಿ ವಾಪಸ್ ತಲುಪಿಸುವ ಸಾಧನ. ಈ ಅಳತೆ ಇಟ್ಟುಕೊಂಡೇ ನಾಲ್ಕನ್ನೂ ನೋಡಿದೆ.

ನೋಡಿದ ಜಾಗ ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಗೆಳೆಯನ ಕಾಫಿ ತೋಟದ ಗೇಟಿನಿಂದ ಹಳೇ ಲಾರಿ ದಾರಿ ಹಿಡಿದು, ಎರಡು ಹಳ್ಳ ದಾಟಿ, ಮೇಲಿನ ಬ್ಯಾಣದ (ಹುಲ್ಲುಗಾವಲಿನ) ತನಕ ಸುಮಾರು 6 ಕಿ.ಮೀ. ಎಲ್ಲ ಅವರ ಮನೆಯವರದ್ದೂ ನೆಂಟರದ್ದೂ ಜಾಗ. ಫೆಬ್ರವರಿಯ ಒಣ ದಾರಿಯಲ್ಲಿ ಒಮ್ಮೆ, ಜೂನ್ ಕೊನೆಯ ಮಳೆಯಲ್ಲಿ ಒಮ್ಮೆ ಹೋದೆವು. ಗೇಟು ದಾಟಿ ಹತ್ತು ನಿಮಿಷಕ್ಕೆ ಫೋನಿನ ಸಿಗ್ನಲ್ ಹೋಗುತ್ತದೆ. ಮಾಡೆಲ್‌ಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಬಗೆ ನೋಡಿ ಹೇಳುತ್ತೇನೆ.

ಮೊದಲನೆಯದು, ಎಲ್ಲರ ಫೋನಿನಲ್ಲೂ ಇರುವ ರಸ್ತೆ ಮ್ಯಾಪ್. ಹೆತ್ತೂರಿನ ತನಕ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮ್ಯಾಪನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ತೋಟದೊಳಗೆ ಹೋದ ಮೇಲೆ ಪರದೆಯ ತುಂಬ ಬರೀ ಹಸಿರು. ಇನ್ನೂ ಒಂದು ತೊಂದರೆ ಇದೆ. ರಸ್ತೆಗಾಗಿ ಮಾಡಿದ ನ್ಯಾವಿಗೇಟರ್‌ಗಳು ನಮ್ಮ ಗುರುತನ್ನು ಹತ್ತಿರದ ರಸ್ತೆಯ ಮೇಲೆ ಎಳೆದು ಕೂರಿಸುತ್ತವೆ. ಪೇಟೆಯಲ್ಲಿ ಅದು ಅನುಕೂಲ. ಇಲ್ಲಿ ನಾವು ಹಳ್ಳದ ಈಚೆ ನಿಂತಿದ್ದರೆ ಬಾಣ ಆಚೆಯ ದಾರಿಯಲ್ಲಿ ನಿಂತಿತ್ತು. ಅದನ್ನು ನಂಬಿ ನಾವು ಜೀಪನ್ನು ತಪ್ಪು ಕವಲಿಗೆ ಇಳಿಸಿದೆವು. ಮೆಣಸು ಬಿಡಿಸುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, "ಅತ್ಲಾಗೆ ಹೋಗ್ಬೇಡಿ ಸಾರ್, ಸಂಕ ಕೊಚ್ಕೊಂಡು ಹೋಗಿ ಎರಡು ವರ್ಷ ಆಯ್ತು" ಅಂದರು. ಸಂಕ ಅಂದರೆ ಹಳ್ಳ ದಾಟುವ ಚಿಕ್ಕ ಸೇತುವೆ. ಅವರು ಸಿಗದಿದ್ದರೆ ಆ ಇಳಿಜಾರಿನಲ್ಲಿ ರಿವರ್ಸ್ ಬರೋದು ಬಹಳ ಕಷ್ಟವಿತ್ತು.

ಎರಡನೆಯದೂ ಅದೇ ಫೋನು, ಆ್ಯಪ್ ಮಾತ್ರ ಬೇರೆ. ನಾನು ಹಾಕಿಕೊಂಡಿದ್ದು ಓಸ್ಮಾಂಡ್. ಇದು ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತದೆ. 2004ರಲ್ಲಿ ಶುರುವಾದ ಆ ಮ್ಯಾಪನ್ನು ಜನರೇ ಬರೆದು ತಿದ್ದುತ್ತಾರೆ. ಕಾಲುದಾರಿ, ಗಾಡಿದಾರಿ, ಹಳ್ಳ ಎಲ್ಲ ಬೇರೆ ಬೇರೆ ಗೆರೆಯಲ್ಲಿ ಕಾಣುತ್ತವೆ. ಯಾರಾದರೂ ನಡೆದು ಬರೆದಿದ್ದರೆ ಮಾತ್ರ, ಅಷ್ಟೇ. ನಮ್ಮ 6 ಕಿ.ಮೀ.ಯಲ್ಲಿ ಅರ್ಧದಷ್ಟು ದಾರಿ ಅದರಲ್ಲಿತ್ತು. ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಹಾಕಿಕೊಂಡರೆ ಇನ್ನೂ ಒಳ್ಳೇದು. ಗೆರೆಗಳು ಒತ್ತಾಗಿದ್ದ ಕಡೆ ಏರು ಕಡಿದಾಗಿರುತ್ತದೆ, ಬಿಡಿಬಿಡಿಯಾಗಿದ್ದ ಕಡೆ ಜೀಪು ತಿರುಗಿಸೋಕೆ ಜಾಗ ಸಿಗಬಹುದು. ದಾರಿಯೇ ಇಲ್ಲದ ಮ್ಯಾಪಿನಲ್ಲೂ ಗೆರೆ ನೋಡಿ ಅಷ್ಟು ಹೇಳಬಹುದು. ಕಾಗದ ಇಷ್ಟಪಡುವವರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳಿವೆ. ಅವುಗಳಲ್ಲಿ ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ.

ಟ್ರ್ಯಾಕ್ ರೆಕಾರ್ಡಿಂಗ್ ಇದರ ನಿಜವಾದ ಶಕ್ತಿ. ಐದೈದು ಸೆಕೆಂಡಿಗೊಂದು ಚುಕ್ಕೆ ಇಡು ಅಂದರೆ ಇಡುತ್ತಾ ಹೋಗುತ್ತದೆ, ಅದು ಜಿಪಿಎಕ್ಸ್ ಅನ್ನೋ ಟ್ರ್ಯಾಕ್ ಫೈಲ್ ಆಗಿ ಉಳಿಯುತ್ತದೆ. ಆದರೆ ಮೊದಲ ದಿನ ನನಗೆ ಪೆಟ್ಟು ಬಿತ್ತು. ವಾಪಸ್ ಹೊರಟಾಗ ನೋಡಿದರೆ, ಮೊದಲ ಹಳ್ಳದಿಂದ ಬ್ಯಾಣದ ತನಕ ಹಗ್ಗ ಕಟ್ಟಿದಂತೆ ನೆಟ್ಟಗೆ ಒಂದು ಗೆರೆ! ಬ್ಯಾಟರಿ ಉಳಿಸೋಕೆ ಫೋನು ಆ್ಯಪನ್ನು ಹಿಂದಿನಿಂದ ನಿಲ್ಲಿಸಿಬಿಟ್ಟಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯ ತೆಗೆದುಹಾಕಬೇಕು. ಹೊರಡುವ ಮೊದಲು ಮನೆ ಸುತ್ತ ಒಂದು ಸುತ್ತು ಹೊಡೆದು, ಪರದೆ ಆರಿಸಿಯೂ ಟ್ರ್ಯಾಕ್ ಬರೆಯುತ್ತಿದೆಯಾ ನೋಡಿಕೊಳ್ಳಿ.

ಇನ್ನೊಂದು ವಿಷಯ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆದರೆ ಫೋನು ಬೇಗ ಜಾಗ ಹಿಡಿಯೋದು ನೆಟ್‌ವರ್ಕ್ ಸಹಾಯದಿಂದ. ಯಾವ ಉಪಗ್ರಹ ಎಲ್ಲಿದೆ ಅನ್ನೋ ಮಾಹಿತಿಯನ್ನು ಅದು ಇಂಟರ್ನೆಟ್ ಮೂಲಕ ತರಿಸಿಕೊಳ್ಳುತ್ತದೆ. ಸಿಗ್ನಲ್ ಇಲ್ಲದ ಕಡೆ ಆನ್ ಮಾಡಿದರೆ ಅದನ್ನೆಲ್ಲ ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದಲೇ ಕೇಳಿಸಿಕೊಳ್ಳಬೇಕು. ಎತ್ತರ ಸಹಿತ ಜಾಗ ಹೇಳೋಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮರದ ಕೆಳಗೆ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕೆ ನಾನು ಸಿಗ್ನಲ್ ಇರುವ ಬಯಲಿನಲ್ಲೇ ರೆಕಾರ್ಡಿಂಗ್ ಶುರು ಮಾಡುತ್ತೇನೆ.

ಫೋನು ಕೊಳ್ಳುವವರು ಅದು ಉಪಗ್ರಹಗಳು ಸಂಕೇತ ಕಳಿಸುವ ಎಲ್1, ಎಲ್5 ಎರಡೂ ಫ್ರೀಕ್ವೆನ್ಸಿ ಹಿಡಿಯುತ್ತದೆಯಾ ನೋಡಿ. ಎಲೆ, ಬಂಡೆಗೆ ಬಡಿದು ಬರುವ ಸಂಕೇತದ ಗೊಂದಲ ಎರಡರಲ್ಲಿ ಕಡಿಮೆಯಾಗುತ್ತದೆ. ಜಿಪಿಎಸ್ ಥರದ ನಮ್ಮ ದೇಶದ್ದೇ ವ್ಯವಸ್ಥೆ ನಾವಿಕ್ ಹಿಡಿದರೆ ನನಗಂತೂ ಇನ್ನೂ ಖುಷಿ. ಅದರ ಉಪಗ್ರಹಗಳನ್ನು ನೋಡಿಕೊಳ್ಳೋದು ಇದೇ ಹಾಸನದ ಎಂಸಿಎಫ್, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ನ್ಯಾವಿಗೇಷನ್ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ.

ಮಳೆ ಬಂದ ದಿನ ಫೋನಿನ ಇನ್ನೊಂದು ಮುಖ ಕಂಡಿತು. ಗೇಟು ತೆಗೆಯೋಕೆ ಇಳಿದು ಹತ್ತುವಷ್ಟರಲ್ಲಿ ಪರದೆ ಒದ್ದೆ. ಹನಿ ಬಿದ್ದ ಕಡೆಯೆಲ್ಲ ಬೆರಳು ಮುಟ್ಟಿದಂತೆ ಆಗಿ ಮ್ಯಾಪ್ ತಾನಾಗೇ ಓಡುತ್ತಿತ್ತು. ಬಿಸಿಲಿನದ್ದು ಬೇರೆ ಕಥೆ. ಏಪ್ರಿಲ್‌ನಲ್ಲಿ ಆನೆಗೊಂದಿಯ ಬಂಡೆಗಳ ನಡುವೆ ಅದೇ ಫೋನು ಗಾಜಿನ ಹಿಂದೆ ಕಾದು, ಪರದೆ ಮಂಕಾಗಿ, ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸಿತು. ಈಗ ಫೋನನ್ನು ಎಸಿ ಗಾಳಿ ಬರುವ ಕಿಂಡಿಯ ಮುಂದೆ ಕೂರಿಸಿದ್ದೇನೆ.

ಮೂರನೆಯದು ಕೈಯಲ್ಲಿ ಹಿಡಿಯುವ ಜಿಪಿಎಸ್, ಚಾರಣಿಗರು ಇಟ್ಟುಕೊಳ್ಳುವ ಬಗೆಯದ್ದು. ಒಂದು ಒಳ್ಳೇ ಫೋನಿನಷ್ಟು ಬೆಲೆ. ಪರದೆ 2.2 ಇಂಚು. ಓಡಿಸುತ್ತಾ ನೋಡೋಕೆ ಆಗುವುದಿಲ್ಲ, ಪಕ್ಕದಲ್ಲಿ ಕೂತವರೇ ನೋಡಿ ಹೇಳಬೇಕು. ಊರಿನ ಹೆಸರು ಹುಡುಕೋಕೆ ಅಕ್ಷರ ಒಂದೊಂದಾಗಿ ಒತ್ತಬೇಕು. ಇಷ್ಟೆಲ್ಲ ಇದ್ದರೂ ನನ್ನ ಅಳತೆಯಲ್ಲಿ ಗೆದ್ದದ್ದು ಇದೇ. ಎರಡು ಎಎ ಸೆಲ್ ಹಾಕಿದರೆ ಇಡೀ ದಿನ ನಡೆಯುತ್ತದೆ, ಆ ಸೆಲ್ ಹೆತ್ತೂರಿನ ಅಂಗಡಿಯಲ್ಲೂ ಸಿಗುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಪರದೆ ಚೆನ್ನಾಗಿ ಕಾಣುತ್ತದೆ. ಗುಂಡಿ ಒತ್ತುವ ಯಂತ್ರ, ಹಾಗಾಗಿ ಕೈ ಒದ್ದೆಯಾದರೂ ಕೆಸರಾದರೂ ಚಿಂತೆಯಿಲ್ಲ. ಐಪಿಎಕ್ಸ್7 ಅಂತ ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ. ಎಲ್ಲಕ್ಕಿಂತ ಮುಖ್ಯ, ಟ್ರ್ಯಾಕ್ ಬರೆಯೋದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ. ಜೂನ್‌ನಲ್ಲಿ ಮಂಜು ಕವಿದು ಬಾನೆಟ್ ಆಚೆ ಏನೂ ಕಾಣದಿದ್ದಾಗ, ಇದರ ಚುಕ್ಕೆಗಳ ಮೇಲೇ ಎರಡನೇ ಗೇರ್‌ನಲ್ಲಿ ಇಳಿದು ಬಂದೆವು. ದಟ್ಟ ಮರದ ಕೆಳಗೆ ಗೆರೆ ಅಲ್ಲಲ್ಲಿ 20 ಮೀಟರ್‌ನಷ್ಟು ಆಚೀಚೆ ಆಗಿತ್ತು, ತುಂಡಾಗಿರಲಿಲ್ಲ.

ಇಂಥ ಯಂತ್ರಕ್ಕೆ ಜಾಗದ ಅಂಕಿ ಹಾಕುವಾಗ ಹುಷಾರು. ಫೋನಿನಿಂದ 12.50 ಡಿಗ್ರಿ ಅಂತ ಬಂದರೆ ಅದು 12 ಡಿಗ್ರಿ 30 ನಿಮಿಷ. 12 ಡಿಗ್ರಿ 50 ನಿಮಿಷ ಅಂತ ಹಾಕಿದರೆ ಸುಮಾರು 37 ಕಿ.ಮೀ. ಉತ್ತರಕ್ಕೆ ಹೋಗಿರುತ್ತೀರಿ. ಎರಡರಲ್ಲೂ ಒಂದೇ ರೀತಿ ಇಟ್ಟುಕೊಳ್ಳಿ.

ನಾಲ್ಕನೆಯದು, ಡ್ಯಾಶ್‌ಬೋರ್ಡಿಗೆ ಹಾಕಿಸುವ ದೊಡ್ಡ ಆಂಡ್ರಾಯ್ಡ್ ಪರದೆ. ಗೆಳೆಯನ ಜೀಪಿನಲ್ಲಿದೆ. ಕಣ್ಣಿಗೆ ಹಾಯಾಗಿದೆ, ಚಾರ್ಜಿನ ಯೋಚನೆ ಇಲ್ಲ. ಆದರೆ ಜೀಪು ಕೆಟ್ಟು ನಿಂತರೆ ಅದನ್ನು ಕಿತ್ತುಕೊಂಡು ನಡೆಯೋಕೆ ಆಗಲ್ಲ ಅಲ್ವಾ. ನನಗೆ ಅಷ್ಟು ಸಾಕು. ಅದರ ಬದಲು ಟ್ಯಾಬ್ ಇಡುವವರು ಸಿಮ್ ಹಾಕುವಂಥದ್ದನ್ನೇ ತಗೊಳ್ಳಿ. ಬರೀ ವೈಫೈ ಇರುವ ಎಷ್ಟೋ ಟ್ಯಾಬ್‌ಗಳಲ್ಲಿ, ಐಪ್ಯಾಡ್‌ನಲ್ಲೂ, ಜಿಪಿಎಸ್ ಚಿಪ್ಪೇ ಇರುವುದಿಲ್ಲ.

ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರನ್ನು ಹೊರದೇಶದಿಂದ ತರಿಸೋಣವಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣಗಳಲ್ಲೇ ಜನ ಸಿಕ್ಕಿಬಿದ್ದಿದ್ದಾರೆ. ಹಾಗೇ, ಮ್ಯಾಪಿನಲ್ಲಿ ಗೆರೆ ಕಂಡ ಮಾತ್ರಕ್ಕೆ ಮೀಸಲು ಅರಣ್ಯಕ್ಕೆ ಗಾಡಿ ನುಗ್ಗಿಸಬೇಡಿ. ಅರಣ್ಯ ಇಲಾಖೆಯನ್ನು, ತೋಟವಾದರೆ ತೋಟದವರನ್ನು ಕೇಳಿಯೇ ಹೋಗಿ.

ಈಗ ನನ್ನ ಜೀಪಿನಲ್ಲಿ ಎರಡಿವೆ. ಕೈ ಜಿಪಿಎಸ್ ಬೆಳಗ್ಗೆಯಿಂದ ಟ್ರ್ಯಾಕ್ ಬರೆಯುತ್ತಿರುತ್ತದೆ, ಮುಂದಿನ ಏರು, ಹಳ್ಳ ನೋಡೋಕೆ ಫೋನು. ದುಡ್ಡಿಗೆ ಕಷ್ಟ ಅನ್ನುವವರು ಫೋನಿನಿಂದಲೇ ಶುರು ಮಾಡಿ. ಇನ್ನೊಂದು ಹಳೇ ಫೋನಿನಲ್ಲೂ ಅದೇ ಮ್ಯಾಪ್ ಇಳಿಸಿ ಡ್ಯಾಶ್ ಡಬ್ಬಿಯಲ್ಲಿ ಇಟ್ಟಿರಿ.

ಜೂನ್‌ನ ಆ ಸಂಜೆ ಗೆಳೆಯನ ತಂದೆಗೆ ನಮ್ಮ ಟ್ರ್ಯಾಕ್ ತೋರಿಸಿದೆ. ಕನ್ನಡಕ ಹಾಕಿಕೊಂಡು, ಗೆರೆಯ ಮೇಲೆ ಬೆರಳಾಡಿಸಿ, "ಇದು ಹಲಸಿನ ತಿರುವು ಕಣಪ್ಪ, ಇದು ದನದ ಹಳ್ಳ" ಅಂತ ಹೇಳುತ್ತಾ ಹೋದರು. ಯಾವ ಮ್ಯಾಪಿನಲ್ಲೂ ಆ ಹೆಸರುಗಳಿರಲಿಲ್ಲ. ನಿಧಾನಕ್ಕೆ ಹೇಳಿ ಅಪ್ಪಾಜಿ ಅಂದೆ. ಹದಿನಾಲ್ಕು ಹೆಸರು ಹೇಳಿದರು, ಹದಿನಾಲ್ಕನ್ನೂ ಆ ಟ್ರ್ಯಾಕಿನ ಮೇಲೆ ಗುರುತು ಹಾಕಿದೆ.