‘ಮೆಕ್ಸಿಕನ್ ಗೋಥಿಕ್’ ಎದುರು ‘ವಾಟ್ ಮೂವ್ಸ್ ದ ಡೆಡ್’: ದುಡ್ಡು ಯಾವುದಕ್ಕೆ?

ಎರಡೂ ಕಾದಂಬರಿಗಳ ಗುಟ್ಟು ಇಲ್ಲಿ ಬಯಲಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಓದದವರು ಇಷ್ಟು ತಿಳಿದುಕೊಂಡು ಇಲ್ಲಿಂದಲೇ ಹೊರಡಿ: ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ‘ಮೆಕ್ಸಿಕನ್ ಗೋಥಿಕ್’ ಕೊಳ್ಳಿ.

ಉಳಿದವರಿಗೆ. ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ಈ ಕಾದಂಬರಿ ಬಂದದ್ದು 2020ರಲ್ಲಿ, ಟಿ. ಕಿಂಗ್‌ಫಿಷರ್ ಅವರದು 2022ರಲ್ಲಿ. ಎರಡರ ಅಸ್ಥಿಪಂಜರ ಒಂದೇ. ಕಾಯಿಲೆ ಬಿದ್ದ ಆಪ್ತರೊಬ್ಬರಿಂದ ಕಾಗದ ಬರುತ್ತದೆ, ದೂರದ ಪಾಳು ಬಂಗಲೆಗೆ ಹೋಗಬೇಕಾಗುತ್ತದೆ. ಅಲ್ಲಿ ಹೋಗಿ ನೋಡಿದರೆ ಮನೆಯನ್ನು ಹಿಡಿದಿರುವುದು ದೆವ್ವವಲ್ಲ, ಅಣಬೆ. ಇಬ್ಬರ ಬೆನ್ನ ಹಿಂದೆಯೂ 1839ರ ಎಡ್ಗರ್ ಅಲನ್ ಪೋ ನಿಂತಿದ್ದಾನೆ. ಕಿಂಗ್‌ಫಿಷರ್ ಅಂತೂ ಪೋ ಆ ವರ್ಷ ಬರೆದ ಅಶರ್ ಮನೆತನದ ಕಥೆಯನ್ನೇ, ಅವೇ ಹೆಸರುಗಳಿಟ್ಟು, ಹೊಸದಾಗಿ ಹೇಳುತ್ತಾರೆ.

ಈಗ ನನ್ನ ತಕರಾರು. ‘ವಾಟ್ ಮೂವ್ಸ್ ದ ಡೆಡ್’ ಮುಖಪುಟದಲ್ಲಿ ಒಂದು ಮೊಲವಿದೆ, ಅದರ ಮೈಯನ್ನೇ ಸೀಳಿಕೊಂಡು ಅಣಬೆಗಳು ಎದ್ದಿವೆ. ಚಿತ್ರ ಎಷ್ಟು ಚೆಂದ ಎಂದರೆ ನಾನು ಪುಸ್ತಕ ಕೊಂಡದ್ದೇ ಅದನ್ನು ನೋಡಿ. ಆದರೆ ಓದಲು ಕೂತ ಮೇಲೆ ಅದೇ ಚಿತ್ರ ಕಾಡತೊಡಗಿತು. ಕಥೆ ಹೇಳುವ ಈಸ್ಟನ್ ಎಂಬ ಮಾಜಿ ಸೈನಿಕ ಕೆರೆ ದಂಡೆಯಲ್ಲಿ ವಿಚಿತ್ರ ಮೊಲಗಳನ್ನು ಕಾಣುತ್ತಾರೆ. ಮನುಷ್ಯರ ಸದ್ದಿಗೆ ಓಡಬೇಕಾದ ಮೊಲ ಓಡದೆ ಕೂತು ದಿಟ್ಟಿಸುತ್ತದೆ. ಮುಖಪುಟ ಇಲ್ಲದಿದ್ದರೆ ಆ ಕಡೆ ನನ್ನ ಎದೆ ಝಲ್ಲೆನ್ನಬೇಕಿತ್ತು. ನಾನು ಮಾತ್ರ, ‘ಹೂಂ, ಒಳಗೆ ಅಣಬೆ ಸೇರಿದೆ, ಮುಂದೆ ನಡಿ’ ಎನ್ನುತ್ತಾ ಪುಟ ತಿರುವಿದೆ.

ಲೇಖಕಿಯ ಪರವಾಗಿ ವಾದಿಸುವವರು ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಕಥೆಯ ಮೊದಲ ಪುಟದಲ್ಲೇ ಕೆಂಪು ಅಣಬೆ ಕಾಣಿಸಿಕೊಳ್ಳುತ್ತದೆ, ಅದರ ಬೆನ್ನಿಗೇ ಅಣಬೆ ಶಾಸ್ತ್ರದ ಒಬ್ಬ ಇಂಗ್ಲಿಷ್ ಹೆಂಗಸು ಬರುತ್ತಾಳೆ. ಇದು ಬಚ್ಚಿಟ್ಟ ಗುಟ್ಟೇ ಅಲ್ಲ ಎನ್ನುತ್ತಾರೆ. ಒಪ್ಪೋಣ. ಆದರೂ ಈಸ್ಟನ್ನೂ ಡಾಕ್ಟರ್ ಡೆಂಟನ್ನೂ ಕಾಗದ ಬರೆದ ಮ್ಯಾಡೆಲೀನ್‌ಗೆ ಯಾವ ಕಾಯಿಲೆ ಎಂದು ತಲೆ ಕೆಡಿಸಿಕೊಂಡು ಕೂತಿರುವಾಗ, ಉತ್ತರ ಗೊತ್ತಿರುವ ನಾನು ಅವರಿಗಾಗಿ ಕಾಯುತ್ತಾ ಕೂರಬೇಕಾಯಿತು. ಭಯದ ಕಾದಂಬರಿಯಲ್ಲಿ ಪಾತ್ರಗಳಿಗಿಂತ ಓದುಗ ಒಂದು ಹೆಜ್ಜೆ ಮುಂದಿದ್ದರೆ ಮಜಾ. ಇಡೀ ಒಂದು ಊರಿನಷ್ಟು ಮುಂದಿದ್ದರೆ ಆಕಳಿಕೆ.

‘ಮೆಕ್ಸಿಕನ್ ಗೋಥಿಕ್’ ಮುಖಪುಟ ನೋಡಿ. ದ್ರಾಕ್ಷಾರಸದ ಬಣ್ಣದ ಗೌನು ತೊಟ್ಟ ಹುಡುಗಿ, ಕೈಯಲ್ಲಿ ಹೂವು, ಹಿಂದೆ ಹಸಿರು ವಾಲ್‌ಪೇಪರ್. ಏನನ್ನೂ ಬಿಟ್ಟುಕೊಡುವುದಿಲ್ಲ. ಒಳಗೆ ಕಥಾನಾಯಕಿ ನೊಯೆಮಿಗೆ ತನ್ನ ಕೋಣೆಯ ಗೋಡೆಯ ಚಿತ್ತಾರ ಅಲುಗಿದಂತೆ ಕಾಣುತ್ತದೆ. ಜ್ವರವೋ, ಕನಸೋ, ಹುಚ್ಚೋ? ಹಳೆ ಕಾಲದ ಹಸಿರು ವಾಲ್‌ಪೇಪರಿನ ಬಣ್ಣದಲ್ಲಿ ಆರ್ಸೆನಿಕ್ ಇರುತ್ತಿತ್ತು, ಬೂಷ್ಟು ಹಿಡಿದರೆ ಅದರಿಂದ ವಿಷದ ಗಾಳಿ ಬರುತ್ತಿತ್ತು ಎಂಬುದೂ ಅವಳಿಗೆ ನೆನಪಾಗುತ್ತದೆ. ಇದು ನಿಜಕ್ಕೂ ನಡೆದ ಸಂಗತಿ. ಹೀಗೆ ಪ್ರತಿ ಅನುಮಾನಕ್ಕೂ ಒಂದು ಕಾಲು ನೆಲದ ಮೇಲಿದೆ. ಊಟದ ಹೊತ್ತಿಗೆ ಯಾರೂ ಮಾತಾಡಕೂಡದು ಎಂಬ ಆ ಮನೆಯ ನಿಯಮವೊಂದೇ ಸಾಕು, ಮೊಲಕ್ಕಿಂತ ಹೆಚ್ಚು ಹೆದರಿಸಿತು.

ನನಗೆ ಇದು ಹತ್ತಿರವಾದದ್ದಕ್ಕೆ ಇನ್ನೊಂದು ಕಾರಣ ಕೆ.ಜಿ.ಎಫ್. ಕಥೆಯ ಊರಿಗೆ ಪ್ರೇರಣೆ ಮೆಕ್ಸಿಕೋದ ಹಿದಾಲ್ಗೊ ರಾಜ್ಯದ ರಿಯಲ್ ದೆಲ್ ಮೊಂತೆ. ಅದು ಬೆಳ್ಳಿ ಗಣಿಯ ಊರು. 1824ರಲ್ಲಿ ಅಲ್ಲಿಗೆ ಹೊರಟ ಬ್ರಿಟಿಷ್ ಕಂಪನಿಯ ಹಿಂದಿದ್ದವರಲ್ಲಿ ಜಾನ್ ಟೇಲರ್ ಒಬ್ಬ. 1880ರಿಂದ ಕೋಲಾರದ ಚಿನ್ನದ ಗಣಿ ನಡೆಸಿದ್ದು ಅದೇ ಮನೆತನದ ‘ಜಾನ್ ಟೇಲರ್ ಅಂಡ್ ಸನ್ಸ್’. ಎರಡೂ ಕಡೆ ಕಾರ್ನ್‌ವಾಲಿನ ಗಣಿಗಾರರು ಬಂದರು, ಎರಡೂ ಕಡೆ ಪುಟ್ಟ ಇಂಗ್ಲೆಂಡ್ ಎದ್ದಿತು. ಕಾದಂಬರಿಯಲ್ಲಿ ಆ ಬಂಗಲೆಯ ಒಡೆಯರಾದ ಡಾಯ್ಲ್ ಕುಟುಂಬ ತೋಟಕ್ಕೆಂದು ಯುರೋಪಿನ ಮಣ್ಣನ್ನೇ ಹಡಗಲ್ಲಿ ತರಿಸಿಕೊಳ್ಳುತ್ತದೆ. ಗಣಿಯಲ್ಲಿ ದುಡಿದು ರೋಗದಲ್ಲಿ ಸತ್ತ ಸ್ಥಳೀಯರ ಗೋರಿಗೆ ಮಾತ್ರ ಕಲ್ಲಿಲ್ಲ. ಕೆ.ಜಿ.ಎಫ್.ನಲ್ಲಿ ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅಣಬೆ ಎಲ್ಲಿಂದಲೋ ಉದುರಿ ಬಂದದ್ದಲ್ಲ, ಆ ಮನೆತನದ ದುರಾಸೆಯೇ ಅದನ್ನು ಸಾಕಿದೆ. ಕಿಂಗ್‌ಫಿಷರ್ ಕಥೆ ನಡೆಯುವುದು ಕಲ್ಪಿತ ದೇಶದಲ್ಲಿ. ಅಲ್ಲಿನ ಮಣ್ಣಿಗೆ ಇಂಥ ಋಣವಿಲ್ಲ.

ಹಾಗೆಂದು ಕಿಂಗ್‌ಫಿಷರ್‌ರನ್ನು ತಳ್ಳಿಹಾಕುತ್ತಿಲ್ಲ. ಹಾಸ್ಯ ಅವರದ್ದೇ ಮೇಲು, ಈಸ್ಟನ್ ತನ್ನ ಕುದುರೆಯ ಬಗ್ಗೆ ಗೊಣಗುವುದನ್ನು ಕೇಳುತ್ತಾ ಕೂರಬಹುದು. ಅಣಬೆಯ ಹೆಂಗಸು ಮಿಸ್ ಪಾಟರ್, ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್‌ಗೆ ಕಲ್ಪನೆಯಲ್ಲಿ ಸೋದರತ್ತೆ. ನಿಜದ ಬಿಯಾಟ್ರಿಕ್ಸ್ ಕೂಡ ಅಣಬೆ ಅಭ್ಯಾಸ ಮಾಡಿ, 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಪ್ರಬಂಧ ಕಳಿಸಿದ್ದಳು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲದ್ದರಿಂದ ಅದನ್ನು ಮಂಡಿಸಿದವನು ಬೇರೊಬ್ಬ. ಮಿಸ್ ಪಾಟರ್ ಸಿಡುಕುವಾಗೆಲ್ಲ ನನಗೆ ಇದೇ ನೆನಪಾಗುತ್ತಿತ್ತು.

‘ಮೆಕ್ಸಿಕನ್ ಗೋಥಿಕ್’ ಮೊದಲರ್ಧ ನಿಧಾನ. ಪ್ರೇಮದ ಎಳೆ ಸ್ವಲ್ಪ ಪೇಲವ.

ಓದುವ ಕ್ರಮವೂ ಮುಖ್ಯ. ಕಿಂಗ್‌ಫಿಷರ್ ಹಿನ್ನುಡಿಯಲ್ಲಿ ‘ಮೆಕ್ಸಿಕನ್ ಗೋಥಿಕ್’ ಹೆಸರೆತ್ತುತ್ತಾರೆ. ಬರೆಯುವ ನಡುವೆ ಅದನ್ನೋದಿ, ಅಣಬೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ತಾನೇನು ಬರೆಯಲು ಸಾಧ್ಯ ಎಂದು ತನ್ನದನ್ನು ಮೂಲೆಗಿಟ್ಟಿದ್ದರಂತೆ. ದೊಡ್ಡ ಮನಸ್ಸಿನ ಮಾತು. ಆದರೆ ಮೊದಲು ಕಿಂಗ್‌ಫಿಷರ್ ಓದಿದವರಿಗೆ ‘ಮೆಕ್ಸಿಕನ್ ಗೋಥಿಕ್’ ಗುಟ್ಟೂ ಪುಕ್ಕಟೆ ಸಿಕ್ಕಿಬಿಡುತ್ತದೆ.

ನನ್ನ ಓದು ರಾತ್ರಿ ಮಲಗುವ ಮುಂಚಿನದು, ದಿನಕ್ಕೊಂದಿಷ್ಟು ಪುಟ. ಹೆದರಿಕೆ ಮಾರನೇ ದಿನಕ್ಕೂ ಉಳಿಯಬೇಕು. ಇನ್ನೂರು ಪುಟ ದಾಟದ ಕಿಂಗ್‌ಫಿಷರ್ ಅಷ್ಟು ದಿನ ಬಾಳುವುದಿಲ್ಲ. ಅಷ್ಟಕ್ಕೆ ಹಾರ್ಡ್‌ಕವರ್ ದುಡ್ಡು ಕೊಡುವುದು ನನಗಂತೂ ಕಷ್ಟ. ಒಂದೇ ಭಾನುವಾರದಲ್ಲಿ ಮುಗಿಸಿ ಏಳುವ ಅಭ್ಯಾಸದವರಿಗೆ ಲೆಕ್ಕ ತಿರುಗುಮುರುಗಾಗಬಹುದು, ಅಂಥವರು ಇ-ಬುಕ್ ತಗೊಳ್ಳಿ. ಮುಖಪುಟ ದಾಟಿ ನೇರ ಒಂದನೇ ಅಧ್ಯಾಯಕ್ಕೆ ಹೋಗುವ ಸೌಕರ್ಯವೂ ಅದರಲ್ಲಿದೆ. ಈಸ್ಟನ್‌ನ ಮುಂದಿನ ಕಥೆ 2024ರಲ್ಲಿ ಬಂದಿದೆ. ಅದನ್ನು ನಾನೂ ಇ-ಬುಕ್ಕಿನಲ್ಲೇ ಓದುವವನು, ರಿಯಾಯಿತಿ ಬಂದಾಗ.