ಪೈಲಟ್ ಕಸ್ಟಮ್ 823: ಕನ್ನಡ ಬರೆಯುವವರು ಇಷ್ಟು ದುಡ್ಡು ಕೊಡಬಹುದಾ?

ಜಪಾನಿನ ಪೈಲಟ್ ಕಂಪನಿಯ ಈ ಇಂಕ್ ಪೆನ್ನಿಗೆ ನಾನು 30 ಸಾವಿರ ರೂಪಾಯಿಯ ಆಸುಪಾಸು ಕೊಟ್ಟಿದ್ದೇನೆ. ಕೊಂಡು ಕೆಲವು ವರ್ಷಗಳಾದವು. ನಾನೂ ಒಂದು ತಗೊಳ್ಳಲಾ ಎಂದು ಕೇಳುವವರು ಸ್ಟಾಫ್ ರೂಮಿನಲ್ಲಿ ಈಗಲೂ ಇದ್ದಾರೆ. ಅವರನ್ನು ನಾನು ಮೊದಲು ಕೇಳುವುದು ಇಷ್ಟೇ: ದಿನಾ ಎಷ್ಟು ಬರೆಯುತ್ತೀರಿ, ಅದರಲ್ಲಿ ಕನ್ನಡ ಎಷ್ಟು? ದುಡ್ಡಿನ ಲೆಕ್ಕ ಆಮೇಲೆ. ಈ ಪೆನ್ನಿನ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬರೆಯುವವರವು. ಅವರು ಬಣ್ಣ, ತೂಕ, ಕ್ಲಿಪ್ಪು ಎಲ್ಲ ಹೇಳುತ್ತಾರೆ. ಒತ್ತಕ್ಷರ ಹೇಗೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದೇ ಅದು.

ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಪದ್ಯದ ಟಿಪ್ಪಣಿ, ಪ್ರಶ್ನೆಪತ್ರಿಕೆಯ ಕರಡು, ರಾತ್ರಿಯ ಡೈರಿ, ಧಾರವಾಡದಲ್ಲಿರುವ ಅಕ್ಕನಿಗೆ ಕಾಗದ, ಎಲ್ಲವನ್ನೂ ಕೈಯಲ್ಲೇ ಬರೆಯುತ್ತೇನೆ. ಸಂಬಳದ ದುಡ್ಡಲ್ಲಿ ಇಂಥ ಪೆನ್ನು ಕೊಳ್ಳುವ ಸ್ಥಿತಿ ನಮ್ಮ ಮನೆಯಲ್ಲಿಲ್ಲ. ಬೇಸಿಗೆಯ ಮೌಲ್ಯಮಾಪನದ ಸಂಭಾವನೆಯನ್ನು ಖರ್ಚು ಮಾಡದೆ ಬೇರೆ ಇಟ್ಟು ಕೊಂಡದ್ದು. ಹಾಗಾಗಿ ಕೊಟ್ಟ ಪ್ರತಿ ರೂಪಾಯಿಗೂ ಪೆನ್ನು ಏನು ಕೊಡುತ್ತಿದೆ ಎಂದು ನೋಡುತ್ತಲೇ ಇರುತ್ತೇನೆ.

ಒತ್ತಕ್ಷರದ ಮಾತಿಗೆ ಬರುತ್ತೇನೆ. ‘ಲಕ್ಷ್ಮಿ’ ಬರೆಯಿರಿ. ‘ರಾಷ್ಟ್ರ’ ಬರೆಯಿರಿ. ‘ಸ್ತ್ರೀ’ ಬರೆಯಿರಿ. ಒಂದು ಅಕ್ಷರದ ಕೆಳಗೆ ಎರಡು ಒತ್ತು. ರೂಲ್ ಹಾಕಿದ ಪುಸ್ತಕದಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ. ನಿಬ್ಬು ದಪ್ಪವಾದರೆ ಕೆಳಗಿನ ಒತ್ತು ಶಾಯಿಯ ಉಂಡೆಯಾಗಿ ಮುಂದಿನ ಸಾಲಿನ ತಲಕಟ್ಟಿಗೆ ತಾಗುತ್ತದೆ. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಕಾಣುವುದಿಲ್ಲ, ಓದುವವರಿಗೆ ‘ಕಂಠ’ ಹೋಗಿ ‘ಕಂರ’ ಆಗುತ್ತದೆ. ಹೊಟ್ಟೆ ಸೀಳಿದ ‘ಷ’ದ ಗೆರೆ ಮುಚ್ಚಿಹೋಗುತ್ತದೆ. ನನ್ನ ಬಳಿ ಮೊದಲು ಯುರೋಪಿನ ಒಂದು ಪೆನ್ನಿತ್ತು, ಎಂ ನಿಬ್ಬು, ಅಂದರೆ ಮೀಡಿಯಂ. ಇಂಗ್ಲಿಷ್ ಸಹಿಗೆ ಬಹಳ ಚೆನ್ನಾಗಿತ್ತು. ಕನ್ನಡ ಬರೆದರೆ ಪುಟವೆಲ್ಲ ಮಬ್ಬು.

ಜಪಾನಿನವರ ಕಷ್ಟ ನಮ್ಮ ಕಷ್ಟಕ್ಕೆ ಹತ್ತಿರದ್ದು. ಅವರ ಕಾಂಜಿ ಅಕ್ಷರದಲ್ಲಿ ಸಣ್ಣ ಚೌಕದೊಳಗೆ ಹತ್ತಾರು ಗೆರೆ ಹಿಡಿಸಬೇಕು. ಅದಕ್ಕೇ ಅವರ ನಿಬ್ಬುಗಳು ಸಣ್ಣ. ಜಪಾನಿನ ಎಫ್ (ಫೈನ್, ಸಣ್ಣ) ಅಂದರೆ ಸಾಮಾನ್ಯವಾಗಿ ಯುರೋಪಿನ ಇಎಫ್‌ಗೆ (ಎಕ್ಸ್‌ಟ್ರಾ ಫೈನ್, ಇನ್ನೂ ಸಣ್ಣ) ಹತ್ತಿರ. 823ರ ಎಫ್ ನಿಬ್ಬಿನಲ್ಲಿ ‘ರಾಷ್ಟ್ರ’ದ ಟ-ಒತ್ತು ಬೇರೆ, ರ-ಒತ್ತು ಬೇರೆಯಾಗಿ ಕಾಣುತ್ತವೆ. ನಡುವೆ ಬಿಳಿ ಕಾಗದ ಉಳಿದಿರುತ್ತದೆ. ಮೊದಲ ಪುಟ ಬರೆದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಬೆಂಗಳೂರಿನ ಅಂಗಡಿಯಲ್ಲಿ ನಾನು ಹೋದಾಗ ಎಂ ನಿಬ್ಬು ಮಾತ್ರ ಇತ್ತು. ಎಫ್ ತರಿಸಿಕೊಡುತ್ತೇವೆ ಎಂದರು, ಕಾದೆ. ಕಾದದ್ದು ಸಾರ್ಥಕವಾಯಿತು.

ಇನ್ನೊಂದು ವಿಷಯ. ನಮ್ಮ ಲಿಪಿಯಲ್ಲಿ ನೇರ ಗೆರೆ ಕಡಿಮೆ, ತಿರುವು ಜಾಸ್ತಿ. ಪೆನ್ನನ್ನು ಕೆಳಗೆ ಎಳೆಯುವಷ್ಟೇ ಮೇಲಕ್ಕೆ, ಎಡಕ್ಕೆ ತಳ್ಳಬೇಕು. ಅಗ್ಗದ ಸಣ್ಣ ನಿಬ್ಬು ಎಳೆಯುವಾಗ ಸುಮ್ಮನಿದ್ದು ತಳ್ಳುವಾಗ ಕಾಗದ ಗೀಚುತ್ತದೆ. ಈ ನಿಬ್ಬು ಎಲ್ಲ ದಿಕ್ಕಿಗೂ ಒಂದೇ ಥರ ಓಡುತ್ತದೆ. ಸಣ್ಣ ನಿಬ್ಬಾದ್ದರಿಂದ ಕಾಗದ ಬೆರಳಿಗೆ ಸ್ವಲ್ಪ ಗೊತ್ತಾಗುತ್ತದೆ, ಅದು ನನಗೆ ಇಷ್ಟವೇ.

ಇದೆಲ್ಲ ಚಿನ್ನದ ಮಹಿಮೆ ಎಂದು ಅಂಗಡಿಯವರು ಹೇಳಬಹುದು. ಪೂರ್ತಿ ನಂಬಬೇಡಿ. ನಿಬ್ಬಿನ ಮೇಲೆ ‘14ಕೆ-585’ ಎಂದು ಕೊರೆದಿರುವುದು ನಿಜ, ಅಂದರೆ ಸಾವಿರದಲ್ಲಿ 585 ಪಾಲು ಚಿನ್ನ. ಆದರೆ ಕಾಗದಕ್ಕೆ ತಾಗುವ ತುದಿ ಚಿನ್ನದ್ದಲ್ಲ. ಅಲ್ಲಿ ಬಹಳ ಗಟ್ಟಿಯಾದ ಬೇರೆ ಲೋಹದ ಪುಟ್ಟ ಗುಂಡು ಬೆಸೆದಿರುತ್ತಾರೆ. ಅದನ್ನು ಎಷ್ಟು ಚೆನ್ನಾಗಿ ಉಜ್ಜಿ ನುಣುಪು ಮಾಡಿದ್ದಾರೆ ಎಂಬುದರ ಮೇಲೆ ಬರವಣಿಗೆ ನಿಂತಿದೆ. ಚಿನ್ನದಿಂದ ಆಗುವ ಉಪಕಾರ ಎರಡು: ಶಾಯಿಗೆ ಸವೆಯುವುದಿಲ್ಲ, ಸ್ವಲ್ಪ ಬಳುಕುತ್ತದೆ. ಈಗಿನ ಒಳ್ಳೆಯ ಸ್ಟೀಲ್ ನಿಬ್ಬುಗಳೂ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಚಿನ್ನ ಇದೆ ಅನ್ನುವ ಒಂದೇ ಕಾರಣಕ್ಕೆ ಇಷ್ಟು ದುಡ್ಡು ಕೊಡುವುದು ಬೇಡ.

ಆದರೆ ಶಾಯಿ ತುಂಬುವ ಸುಖಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನನಗೆ ಬೇಜಾರಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಅದೇ ನನ್ನ ಮೊದಲ ಕೆಲಸ. ಮೇಜಿನ ಮೇಲೆ ಹಳೆಯ ಪೇಪರ್ ಹಾಸುತ್ತೇನೆ, ಪಕ್ಕದಲ್ಲಿ ಹಳೇ ಪಂಚೆಯ ತುಂಡು. ಪೆನ್ನಿನ ಹಿಂದಿನ ತಿರುಪು ಬಿಚ್ಚಿ ಎಳೆದರೆ ಒಳಗಿನ ಉದ್ದ ಕಡ್ಡಿ ಹೊರಗೆ ಬರುತ್ತದೆ, ಥೇಟ್ ಸೈಕಲ್ ಪಂಪಿನ ಹಾಗೆ. ನಿಬ್ಬನ್ನು ಶಾಯಿಯಲ್ಲಿ ಮುಳುಗಿಸಿ ಕಡ್ಡಿಯನ್ನು ಒಂದೇ ಸಮನೆ ಒಳಗೆ ಒತ್ತಬೇಕು. ಒತ್ತುವಾಗ ಕಡ್ಡಿಯ ತುದಿಯ ಬಿರಡೆಯ ಹಿಂದೆ ಗಾಳಿ ಇಲ್ಲದ ಜಾಗ ಆಗುತ್ತದೆ. ಕೊಳವೆ ಕೊನೆಯಲ್ಲಿ ಸ್ವಲ್ಪ ಅಗಲ. ಬಿರಡೆ ಅಲ್ಲಿಗೆ ಬಂದ ಕೂಡಲೇ ಬಿಗಿ ತಪ್ಪುತ್ತದೆ, ಹೊರಗಿನ ಗಾಳಿಯ ಒತ್ತಡಕ್ಕೆ ಶಾಯಿ ಒಮ್ಮೆಲೇ ಒಳಗೆ ನುಗ್ಗುತ್ತದೆ. ಮೈ ಜೇನು ಬಣ್ಣದ ಪಾರದರ್ಶಕ ರಾಳದ್ದು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ನನ್ನ ಮಗಳು ತಿಂಡಿ ಬಿಟ್ಟು ಓಡಿ ಬರುವುದು ಆ ಕ್ಷಣ ನೋಡಲಿಕ್ಕೇ. ನಿಬ್ಬನ್ನು ಆಗಲೇ ಎತ್ತಬಾರದು. ಮೂರು ನಾಲ್ಕು ಉಸಿರಿನಷ್ಟು ಹೊತ್ತು ಶಾಯಿಯಲ್ಲೇ ಬಿಡಬೇಕು, ಆಮೇಲೆ ತಿರುಪು ಹಾಕಿ ಪಂಚೆಯ ತುಂಡಿನಲ್ಲಿ ಒರೆಸಬೇಕು.

ಈ ಕಡ್ಡಿ ಒತ್ತುವ ಉಪಾಯ ಹೊಸದಲ್ಲ. ಲಂಡನ್ನಿನ ಡಿ ಲಾ ರೂ ಕಂಪನಿ 1905ರಲ್ಲಿ ತಂದ ಒನೊಟೊ ಪೆನ್ನಿನಲ್ಲೇ ಇತ್ತು. ಮುಂದೆ ಅಮೆರಿಕದ ಶೀಫರ್ ಕೂಡ ಇದೇ ಥರದ್ದು ಮಾಡಿತು. ಆ ಶೀಫರ್ ಬ್ರಾಂಡನ್ನು 2022ರಲ್ಲಿ ಕೊಂಡದ್ದು ಪೆನ್ನು ಮಾರುವ ನಮ್ಮ ಬೆಂಗಳೂರಿನ ವಿಲಿಯಂ ಪೆನ್ ಕಂಪನಿ. ಪೆನ್ನಿನ ಹುಚ್ಚು ಇರುವ ಕನ್ನಡಿಗರಿಗೆ ಇದು ಸಣ್ಣ ಹೆಮ್ಮೆಯ ವಿಷಯ ಅಲ್ವಾ? 823 ಎಂಬ ಮಾದರಿಯ ಹೆಸರಿನ ಲೆಕ್ಕವೂ ಚೆನ್ನಾಗಿದೆ. ಪೈಲಟ್ ಕಂಪನಿ ಶುರುವಾದದ್ದು 1918ರಲ್ಲಿ. ಅಲ್ಲಿಂದ 82 ವರ್ಷಕ್ಕೆ, ಅಂದರೆ 2000ದಲ್ಲಿ ಬಂದ ಪೆನ್ನು ಇದು. ಕೊನೆಯ 3 ಅಂದರೆ ಆಗಿನ ಬೆಲೆ 30 ಸಾವಿರ ಯೆನ್. ಬೆಲೆ ಈಗ ಏರಿದೆ, ಹೆಸರು ಹಾಗೇ ಇದೆ.

ಕೊಳ್ಳುವವರು ಮೊದಲೇ ತಿಳಿದಿರಬೇಕಾದ ಒಂದು ಸಂಗತಿ ಇದೆ. ಹಿಂದಿನ ತಿರುಪು ಪೂರ್ತಿ ಬಿಗಿ ಮಾಡಿದ್ದರೆ ಶಾಯಿಯ ದಾರಿ ಒಳಗಿನಿಂದ ಬಂದ್ ಆಗುತ್ತದೆ. ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಉಳಿದ ಶಾಯಿಯಲ್ಲಿ ಒಂದೆರಡು ಪುಟ ಬರೆಯಬಹುದು, ಆಮೇಲೆ ಒಣಗುತ್ತದೆ. ಉದ್ದಕ್ಕೆ ಬರೆಯುವ ಮುಂಚೆ ತಿರುಪನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು. ಇದು ಬೇಕೆಂದೇ ಮಾಡಿದ ವ್ಯವಸ್ಥೆ. ವಿಮಾನದಲ್ಲಿ ಒತ್ತಡ ಬದಲಾದರೂ ಶಾಯಿ ಹೊರಗೆ ಬರಬಾರದು ಎಂದು. ನನಗೆ ವಿಮಾನಕ್ಕಿಂತ ಬಸ್ಸಿನಲ್ಲೇ ಇದು ಉಪಯೋಗ. ಮೊದಲೆಲ್ಲ ಡ್ರಾಪರ್‌ನಲ್ಲಿ ಶಾಯಿ ತುಂಬುವ ಪೆನ್ನು ಜೇಬಿನಲ್ಲಿಟ್ಟು ಏಪ್ರಿಲ್ ಬಿಸಿಲಲ್ಲಿ ಓಡಾಡಿದರೆ, ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತಿತ್ತು. ಬಿಳಿ ಅಂಗಿಗೆ ನೀಲಿ ಕಲೆ. ಈ ಪೆನ್ನು ಬಂದ ಮೇಲೆ ಆ ಚಿಂತೆ ಇಲ್ಲ.

ಇಷ್ಟರವರೆಗೆ ಎಲ್ಲವೂ ಸಿಹಿ. ನನಗೆ ಸಿಟ್ಟು ಬರುವುದು ಕಾಗದದ ಮೇಲೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ, ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದದ ಊರಿನಲ್ಲಿ. ಕಬ್ಬಿನ ಸಿಪ್ಪೆಯಿಂದ ಕಾಗದ ಆಗುವುದನ್ನು ಕೇಳಿಕೊಂಡೇ ದೊಡ್ಡವನಾದೆ. ಆ ಕಾರ್ಖಾನೆ ಈಗ ನಿಂತಿದೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಇವತ್ತು ಪೇಟೆಯಲ್ಲಿ ಸಿಗುವ ಲಾಂಗ್ ಬುಕ್ಕಿನಲ್ಲಿ ಇಂಕ್ ಪೆನ್ನಿನಿಂದ ಬರೆದು ನೋಡಿ. ಗೆರೆಯ ಅಂಚಿನಲ್ಲಿ ಶಾಯಿ ಬೇರು ಬಿಟ್ಟ ಹಾಗೆ ಹರಡುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಸಣ್ಣ ನಿಬ್ಬಿನಿಂದ ಗಳಿಸಿದ್ದೆಲ್ಲ ಅಲ್ಲಿಗೇ ಹೋಯಿತು, ಒತ್ತಕ್ಷರ ಮತ್ತೆ ಉಂಡೆ. ‘ಇಂಕ್ ಪೆನ್ನಿಗೆಂದೇ ಮಾಡಿದ್ದು’ ಎಂದು ಮುಖಪುಟದಲ್ಲಿ ಅಚ್ಚು ಹಾಕಿದ್ದ ದುಬಾರಿ ನೋಟ್‌ಬುಕ್ ಒಂದನ್ನು ತರಿಸಿದೆ. ಮೊದಲ ಪುಟಗಳು ಚೆನ್ನಾಗಿದ್ದವು. ಅರ್ಧ ದಾಟಿದ ಮೇಲೆ ಬೇರೆಯೇ ಕಾಗದ! ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಅಷ್ಟು ದುಡ್ಡು ತೆಗೆದುಕೊಂಡು ಹೀಗೆ ಮಾಡುವುದು ಮೋಸ.

ಜಿಎಸ್‌ಎಂ (ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಜಾಸ್ತಿ ಇದ್ದರೆ ಸಾಕು ಎನ್ನುವ ಮಾತೂ ಸರಿಯಲ್ಲ. ಜಪಾನಿನ ಟೊಮೊಯೆ ರಿವರ್ ಕಾಗದ ಬರೀ 52 ಜಿಎಸ್‌ಎಂ, ಈರುಳ್ಳಿ ಸಿಪ್ಪೆಗಿಂತ ಸ್ವಲ್ಪ ದಪ್ಪ ಅನ್ನಬಹುದು, ಆದರೂ ಶಾಯಿ ಹರಡುವುದಿಲ್ಲ. ನಾರು ಶಾಯಿ ಹೀರದ ಹಾಗೆ ಕಾಗದಕ್ಕೆ ಕೊಡುವ ಗಂಜಿ ಮುಖ್ಯ. ಹತ್ತಿ ಬಟ್ಟೆಗೆ ಗಂಜಿ ಹಾಕುವ ಹಾಗೆಯೇ ಇಲ್ಲೂ. ಆ ಗಂಜಿಯ ಖರ್ಚು ಉಳಿಸಲು ಹೋದರೆ ಕಾಗದ ಕೆಡುತ್ತದೆ. ಈಗ ನಾನು ಮಾಡುವುದು ಇಷ್ಟು: ಸ್ಟೇಷನರಿ ಅಂಗಡಿಗೆ ಪೆನ್ನು ಒಯ್ದು, ಒಂದು ಪುಸ್ತಕ ಮಾತ್ರ ಕೊಂಡು, ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟದಲ್ಲಿ ಬರೆದು ನೋಡುತ್ತೇನೆ. ಸರಿ ಕಂಡರೆ ಅದೇ ಕಟ್ಟಿನಿಂದ ಇನ್ನಷ್ಟು ತರುತ್ತೇನೆ. ಪೆನ್ನಿನ ಬಜೆಟ್ ಹಾಕುವಾಗ ಕಾಗದಕ್ಕೂ ಒಂದು ಪಾಲು ಇಡಿ.

ಶಾಯಿಯಲ್ಲಿ ಅಷ್ಟು ತಲೆನೋವಿಲ್ಲ. ಪೈಲಟ್‌ನದೇ ಇರೊಶಿಜುಕು ಬಾಟಲಿ ಬಹಳ ಚೆಂದ. ಕೊನೆಯ ಹನಿಗಳು ಒಂದೆಡೆ ಸೇರಲಿ ಎಂದು ತಳದ ನಡುವೆ ಗುಳಿ ಮಾಡಿದ್ದಾರೆ. ಆದರೆ ದಿನಾ ಬರೆಯುವವರಿಗೆ ದುಬಾರಿ. ನಾನು ಅದನ್ನು ಅಕ್ಕನ ಕಾಗದಕ್ಕೆ ಮೀಸಲಿಟ್ಟಿದ್ದೇನೆ. ಉಳಿದಂತೆ, 1934ರಲ್ಲಿ ಸ್ವದೇಶಿ ಚಳವಳಿಯ ಕಾಲದಲ್ಲಿ ಬಂಗಾಳದಲ್ಲಿ ಶುರುವಾದ ಸುಲೇಖಾದ ರಾಯಲ್ ಬ್ಲೂ ಸಾಕು. ನೀರಲ್ಲಿ ಹೋಗದ ದಾಖಲೆ ಶಾಯಿ, ಮಿನುಗುವ ಪುಡಿ ಇರುವ ಶಾಯಿ ಇದಕ್ಕೆ ಬೇಡ. ಒಳಗಡೆ ಕೂತರೆ ತೊಳೆಯುವುದು ಕಷ್ಟ. ಸಾದಾ ಶಾಯಿಯೇ ಆದರೂ ಬಣ್ಣ ಬದಲಿಸುವಾಗ ನೀರು ಎಳೆದು, ಅಲುಗಿಸಿ, ಹೊರಹಾಕಿ, ಮತ್ತೆ ಎಳೆಯಬೇಕು. ವಾರಕ್ಕೊಂದು ಬಣ್ಣ ಬೇಕು ಎನ್ನುವವರಿಗೆ ಈ ಪೆನ್ನು ಹೊಂದುವುದಿಲ್ಲ.

ಕೊಂಡಾಗ ನಾನು ಎಣಿಸಿರದ ಲಾಭ ಒಂದಿದೆ. ಬಾಲ್ ಪೆನ್ನಿನ ಶಾಯಿ ಗಟ್ಟಿ, ಗುಂಡು ಉರುಳಬೇಕಾದರೆ ಒತ್ತಿ ಬರೆಯಬೇಕು. ಉತ್ತರಪತ್ರಿಕೆ, ನೋಟ್ಸು ಅಂತ ವರ್ಷಗಟ್ಟಲೆ ಒತ್ತಿ ಬರೆದು ನನ್ನ ಹೆಬ್ಬೆರಳ ಬುಡ ರಾತ್ರಿ ಹೊತ್ತು ಸೆಳೆಯುತ್ತಿತ್ತು. ಇಂಕ್ ಪೆನ್ನಿನಲ್ಲಿ ನಿಬ್ಬು ಕಾಗದಕ್ಕೆ ತಾಗಿದರೆ ಸಾಕು, ಶಾಯಿ ತಾನೇ ಇಳಿಯುತ್ತದೆ. ಈ ಪೆನ್ನು ದಪ್ಪವಾಗಿಯೂ ಇದೆ, ಹಿಡಿತ ಸಡಿಲ ಬಿಡಬಹುದು. ನೋವು ನಿಧಾನವಾಗಿ ಕಡಿಮೆಯಾಯಿತು. ಅಕ್ಷರವೂ ಬದಲಾಯಿತು. ಅಕ್ಕ ಫೋನ್ ಮಾಡಿ, “ಏನೋ, ಈ ಸಲ ಕನ್ನಡಕ ಇಲ್ದೇ ಓದ್ದೆ ಕಣೋ” ಎಂದಳು. ಈ ಪೆನ್ನಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದೇ.

ಹಾಗಾದರೆ ಯಾರು ಕೊಳ್ಳಬೇಕು? ದಿನಕ್ಕೆ ನಾಲ್ಕಾರು ಪುಟ ಕೈಯಲ್ಲಿ ಬರೆಯುವವರು, ಸಾಲ ಮಾಡದೆ ಕೊಳ್ಳುವ ಶಕ್ತಿ ಇದ್ದರೆ, ಧೈರ್ಯವಾಗಿ ಕೊಳ್ಳಿ. ಸಹಿ ಹಾಕಲಿಕ್ಕೆ, ಜೇಬಿನಲ್ಲಿ ಕಾಣಲಿಕ್ಕೆ ಬೇಕಾದರೆ ಇದಕ್ಕಿಂತ ಹೆಸರು ಮಾಡಿದ ಪೆನ್ನುಗಳಿವೆ. ಟೋಪಿಯ ಮೇಲೆ ಬಿಳಿ ನಕ್ಷತ್ರ ಇರುವ ಮೋಂಬ್ಲಾಂ 149 ಇದರ ಎಷ್ಟೋ ಪಟ್ಟು ಬೆಲೆ. ನಾನು ಅದನ್ನು ಅಂಗಡಿಯಲ್ಲಿ ಹಿಡಿದು ನೋಡಿದ್ದೇನೆ, ಭವ್ಯವಾಗಿದೆ, ನನ್ನ ಕೈಗೂ ಜೇಬಿಗೂ ದೊಡ್ಡದಾಯಿತು. ಇನ್ನೂ ಇಂಕ್ ಪೆನ್ನಿನ ಅಭ್ಯಾಸವೇ ಇಲ್ಲ ಎನ್ನುವವರು ಪ್ಲಾಟಿನಂ ಎಂಬ ಜಪಾನಿ ಕಂಪನಿಯ ಪ್ರೆಪಿ ಪೆನ್ನಿನಿಂದ ಶುರು ಮಾಡಿ. ಕೆಲವು ನೂರು ರೂಪಾಯಿಗೆ ಜಪಾನಿನ ಸಣ್ಣ ನಿಬ್ಬಿನ ರುಚಿ ಗೊತ್ತಾಗುತ್ತದೆ, ಒತ್ತಕ್ಷರವೂ ಬಿಡಿಬಿಡಿಯಾಗಿ ಬರುತ್ತದೆ. ಕೈಯಲ್ಲಿ ಕಡೆದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನೇ ಬೇಕು ಎಂದರೆ ದೂರ ಹೋಗಬೇಕಿಲ್ಲ. ಗಾಂಧೀಜಿಗೆ ಸ್ವದೇಶಿ ಪೆನ್ನು ಮಾಡಿಕೊಟ್ಟ ರಾಜಮಂಡ್ರಿಯ ರತ್ನಂ ಇದೆ, ತಮಿಳುನಾಡಿನ ತಿರುವಳ್ಳೂರಿನ ರಂಗಾ ಇದೆ.

ಕಾಲೇಜಿಗೆ ಒಯ್ಯುವವರು ಜೊತೆಗೊಂದು ಬಾಲ್ ಪೆನ್ನು ಇಟ್ಟುಕೊಳ್ಳಿ. “ಸರ್, ಒಂದ್ನಿಮಿಷ ಪೆನ್ ಕೊಡಿ” ಎಂದು ಕೇಳುವವರಿಗೆ ಇಲ್ಲ ಎನ್ನಲು ಆಗುವುದಿಲ್ಲ. ಒತ್ತಿ ಬರೆದು ರೂಢಿ ಇರುವ ಕೈಗೆ ಈ ನಿಬ್ಬು ಸಿಕ್ಕರೆ ಸೀಳು ಅಗಲವಾಗುತ್ತದೆ.

ಅಂಗಡಿಗೆ ಹೋದಾಗ ನಿಮ್ಮದೇ ನೋಟ್‌ಬುಕ್ ಒಯ್ಯಿರಿ. ನಿಬ್ಬನ್ನು ಶಾಯಿಯಲ್ಲಿ ಅದ್ದಿ ಬರೆಯಲು ಬಿಡಿ ಎಂದು ಕೇಳಿ, ಒಳ್ಳೆಯ ಅಂಗಡಿಯವರು ಬಿಡುತ್ತಾರೆ. ಇಂಗ್ಲಿಷಿನಲ್ಲಿ ಹೆಸರು ಬರೆದು ಎದ್ದು ಬರಬೇಡಿ. ‘ಲಕ್ಷ್ಮಿ’, ‘ರಾಷ್ಟ್ರ’, ‘ಕಂಠ’ ಬರೆಯಿರಿ, ನಿಮ್ಮ ಮಾಮೂಲಿ ಅಳತೆಯಲ್ಲಿ, ಮಾಮೂಲಿ ವೇಗದಲ್ಲಿ. 823ರ ಎಫ್‌ನಲ್ಲೂ ಒತ್ತು ಕೂಡಿಕೊಂಡರೆ ನಿಮ್ಮ ಅಕ್ಷರ ಬಹಳ ಸಣ್ಣದು ಎಂದರ್ಥ. ಆಗ ಇದೇ ಕಂಪನಿಯ ಕಸ್ಟಮ್ 743 ಕೇಳಿ. ನಿಬ್ಬಿನ ಗಾತ್ರ ಅದೇ, ಕಡ್ಡಿ ಒತ್ತುವ ಸುಖ ಇಲ್ಲ, ಆದರೆ ಅದರಲ್ಲಿ ಇಎಫ್ ಇದೆ, ತುದಿ ಕೆಳಗೆ ಬಾಗಿದ ಪಿಒ ಕೂಡ ಇದೆ. ತರಿಸಲು ಸ್ವಲ್ಪ ದಿನ ಹಿಡಿಯಬಹುದು, ಕಾಯಿರಿ.