ಸಸಿಹಿತ್ಲು ಅಥವಾ ಕೋಡಿಬೆಂಗ್ರೆ: ವಾಸಕ್ಕೆ ಯಾವುದು?

ಕರಾವಳಿಯಲ್ಲಿ ಗದ್ದಲವಿಲ್ಲದ ಊರು ಹುಡುಕುವವರು ಒಂದಲ್ಲ ಒಂದು ದಿನ ಮಂಗಳೂರಿನ ಬಡಗಣ ಸಸಿಹಿತ್ಲು, ಉಡುಪಿಯ ಬಳಿಯ ಕೋಡಿಬೆಂಗ್ರೆ, ಈ ಎರಡು ಊರುಗಳಿಗೆ ಬಂದೇ ಬರುತ್ತಾರೆ. ಎರಡರ ಮೈಕಟ್ಟೂ ಒಂದೇ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ತೆಂಗು ತುಂಬಿದ ಹೊಯಿಗೆಯ (ಮರಳಿನ) ಪಟ್ಟಿ, ಬಡಗು ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಸಸಿಹಿತ್ಲಿನ ಬೆನ್ನಿಗೆ ಹರಿದು ಬರುವ ನಂದಿನಿ ಹೊಳೆ ಶಾಂಭವಿ ಹೊಳೆಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ಕೋಡಿಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಹಾಗೆಯೇ ಸೇರುತ್ತವೆ. ಒಂದು ಸಂಜೆ ಅಡ್ಡಾಡಿ ಹೋದವರಿಗೆ ಎರಡೂ ಒಂದೇ ಎನಿಸಿದರೆ ಆಶ್ಚರ್ಯವಿಲ್ಲ. ಅಲ್ಲೇ ಬದುಕಬೇಕೆಂದರೆ ಊರಿನ ಹೆಸರಿಗಿಂತ ಮೊದಲು ಕೇಳಬೇಕಾದ್ದು ಮನೆ ಅಳಿವೆಯಿಂದ ಎಷ್ಟು ದೂರ ಎಂದು. ನೀರು, ನೆಲ, ದಾರಿ ಮೂರೂ ಅದರ ಮೇಲೆ ನಿಂತಿವೆ.

ದಾರಿಯಲ್ಲಿ ಸಸಿಹಿತ್ಲಿಗೆ ಸ್ಪಷ್ಟ ಮೇಲುಗೈ. ಹಳೆಯಂಗಡಿಯಲ್ಲಿ ಹೆದ್ದಾರಿ 66 ಬಿಟ್ಟು ನಂದಿನಿಯನ್ನು ದಾಟಿ ಬರಬಹುದು, ತೆಂಕಣದ ಮುಕ್ಕದಿಂದ ಕಡಲ ಬದಿಯ ರಸ್ತೆಯಲ್ಲೂ ಬರಬಹುದು. ಒಂದು ಕಡೆ ಮರ ಬಿದ್ದರೂ ಇನ್ನೊಂದು ಉಳಿದಿರುತ್ತದೆ. ಮುಕ್ಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮೂಲ್ಕಿಯಲ್ಲಿ ರೈಲು ನಿಲ್ದಾಣ ಇದೆ, ಮಂಗಳೂರು ಸುಮಾರು 25 ಕಿಲೋಮೀಟರ್. ಕೋಡಿಬೆಂಗ್ರೆಗೆ ಕೆಮ್ಮಣ್ಣು, ಹೂಡೆ ದಾಟಿ ಬರುವ ರಸ್ತೆ ಊರ ತುದಿಗೆ ಬಂದು ಮುಗಿಯುತ್ತದೆ. ಉಡುಪಿ ಸುಮಾರು 20 ಕಿಲೋಮೀಟರ್, ಮಣಿಪಾಲದ ಆಸ್ಪತ್ರೆ ಅದಕ್ಕೂ ಆಚೆ. ಭಾನುವಾರ ಸಂಜೆ ಊರ ತುದಿಯ ಡೆಲ್ಟಾ ಬೀಚಿಗೆ ಬಂದ ಕಾರುಗಳೂ ಅದೇ ರಸ್ತೆಯಲ್ಲಿರುತ್ತವೆ. ಮನೆಯಲ್ಲಿ ಹೃದ್ರೋಗಿಗಳೋ ವಯಸ್ಸಾದವರೋ ಇದ್ದರೆ ನಮ್ಮ ಮಟ್ಟಿಗೆ ಪ್ರಶ್ನೆ ಇಲ್ಲಿಗೇ ತೀರ್ಮಾನವಾಗುತ್ತದೆ.

ಹೊರಗಿನವರಿಗೆ ಹೊಳೆಯದ ಇನ್ನೊಂದು ತೊಡಕೂ ಇದೆ. ಕೋಡಿಬೆಂಗ್ರೆ ಸೇರಿರುವುದು ಬ್ರಹ್ಮಾವರ ತಾಲ್ಲೂಕಿನ ಕೋಡಿ ಗ್ರಾಮ ಪಂಚಾಯತಿಗೆ. ಆ ಪಂಚಾಯತಿ ಇರುವುದು ಅಳಿವೆಯ ಆಚೆ ದಡದಲ್ಲಿ. ರಸ್ತೆ ಹಿಡಿದರೆ ಕಲ್ಯಾಣಪುರದಲ್ಲಿ ಸುವರ್ಣೆಯನ್ನೂ ಮಾಬುಕಳದಲ್ಲಿ ಸೀತೆಯನ್ನೂ ದಾಟಿ 30 ಕಿಲೋಮೀಟರಿಗೂ ಹೆಚ್ಚು ಸುತ್ತಬೇಕು. ಆಚೆ ದಡದ ಹಂಗಾರಕಟ್ಟೆಗೆ ನೀರಿನ ದಾರಿಯೇ ಹತ್ತಿರ, ಆದರೆ ಹೊಳೆ ದಾಟಿಸುವ ಬಾರ್ಜನ್ನು ಮಳೆಗಾಲದಲ್ಲಿ ನೆಚ್ಚಿಕೊಂಡು ದಿನಚರಿ ಕಟ್ಟಿಕೊಳ್ಳಬೇಡಿ. ಮನೆ ನಂಬರು, ಖಾತೆ, ಕಟ್ಟಡ ಪರವಾನಗಿ ಎಂದು ಓಡಾಡುವ ಮೊದಲ ವರ್ಷ ಈ ಸುತ್ತು ಭಾರವಾಗುತ್ತದೆ.

ನೀರಿನ ವಿಷಯದಲ್ಲಿ ಅವಸರ ಬೇಡ. ಇಂಥ ಪಟ್ಟಿಗಳಲ್ಲಿ ಮಳೆಯ ಸಿಹಿನೀರು ಅಡಿಯ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಲೆಕ್ಕ ಸರಳ. ಬಾವಿನೀರಿನ ಮಟ್ಟ ಕಡಲಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಲ್ಲಬಲ್ಲದು. ಪಂಪು ಹಾಕಿ ಆ ಮಟ್ಟವನ್ನು ಅರ್ಧ ಅಡಿ ಇಳಿಸಿ ಅಲ್ಲೇ ಇಟ್ಟರೆ ಅಡಿಯ ಉಪ್ಪು 20 ಅಡಿಯಷ್ಟು ಮೇಲೇರಲು ತೊಡಗುತ್ತದೆ. ಹಾಗಾಗಿ ಇಲ್ಲಿ ಬೋರ್‌ವೆಲ್ ಕೊರೆಸುವುದು ಉಪ್ಪನ್ನು ಕೈಯಾರೆ ಕರೆದಂತೆ. ಅಗಲವಾದ, ಆಳವಿಲ್ಲದ ರಿಂಗ್ ಬಾವಿ, ಅರ್ಧ ಎಚ್‌ಪಿ ಪಂಪು, ಬೆಳಿಗ್ಗೆ ಸಂಜೆ ಹದಿನೈದಿಪ್ಪತ್ತು ನಿಮಿಷ ಮಾತ್ರ, ಉಳಿದದ್ದಕ್ಕೆ ಮೇಲಿನ ಟ್ಯಾಂಕಿ. ಪಟ್ಟಿ ಕಿರಿದಾದಷ್ಟೂ ಸಿಹಿನೀರಿನ ಪದರ ತೆಳು. ಅಳಿವೆಯ ಬಳಿ ಎರಡೂ ಊರುಗಳ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದಕ್ಕೆ ಇದೇ ಕಾರಣ. ಸಸಿಹಿತ್ಲಿನಲ್ಲಿ ತೆಂಕಣಕ್ಕೆ ಸರಿದಂತೆ ಆಯ್ಕೆ ಹೆಚ್ಚುತ್ತದೆ, ಕೋಡಿಬೆಂಗ್ರೆಯಲ್ಲಿ ಹೂಡೆಯ ಕಡೆಗೆ ಸರಿಯಬೇಕಾಗುತ್ತದೆ.

ನವೆಂಬರಿನಲ್ಲಿ ಬಾವಿನೀರು ಕುಡಿದು ಮುಂಗಡ ಕೊಡುವುದು ಇಲ್ಲಿ ಅತಿ ಸಾಮಾನ್ಯವಾದ ತಪ್ಪು. ಪರೀಕ್ಷೆ ಮಾಡಬೇಕಾದ್ದು ಏಪ್ರಿಲ್ ಕೊನೆಯಿಂದ ಮೇ ನಡುವೆ, ಉಬ್ಬರದ ಹೊತ್ತಿಗೆ, ಅರ್ಧ ಗಂಟೆ ಪಂಪು ಓಡಿಸಿದ ಮೇಲೆ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ (ಟಿಡಿಎಸ್) ಅಳೆಯುವ ಜೇಬಿನ ಮೀಟರು ಸಾಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ ಮಾತ್ರ 2000. ಕ್ಲೋರೈಡಿಗೆ ಈ ಮಿತಿ 250 ಮತ್ತು 1000. ಅದನ್ನು ಪ್ರಯೋಗಾಲಯದಲ್ಲೇ ನೋಡಿಸಿ. ಶೌಚಾಲಯದ ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರವಿರಬೇಕು. ಹೊಯಿಗೆಯಲ್ಲಿ ಕೊಳೆನೀರು ಬೇಗ ಹರಿಯುತ್ತದೆ, ಜುಲೈಯಲ್ಲಂತೂ ಅಂತರ್ಜಲ ಗುಂಡಿಯ ತಳವನ್ನೇ ಮುಟ್ಟಬಹುದು. ಪಕ್ಕದ ಮನೆಯ ಗುಂಡಿಯನ್ನೂ ಅಳೆದು ನೋಡಿ, ಅಳತೆ ನಿಮ್ಮ ಬೇಲಿಗೇ ನಿಲ್ಲಬಾರದು.

ಚಾವಣಿಯ ಮಳೆನೀರು ಈ ಊರುಗಳಲ್ಲಿ ದೊಡ್ಡ ಆಸರೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವಲ್ಲಿ 100 ಚದರ ಮೀಟರ್ ಹೆಂಚಿನ ಮೇಲೆ ಬೀಳುವುದು ನಾಲ್ಕು ಲಕ್ಷ ಲೀಟರ್. ಮೂವರ ಅಡುಗೆಗೂ ಕುಡಿಯಲಿಕ್ಕೂ ದಿನಕ್ಕೆ 30 ಲೀಟರ್ ಹಿಡಿದರೆ ಬೇಸಿಗೆಯ 150 ದಿನಕ್ಕೆ ಬೇಕಾದ್ದು 4500 ಲೀಟರ್. ಒಂದು 5000 ಲೀಟರಿನ ಮುಚ್ಚಿದ ಟ್ಯಾಂಕಿ ಸಾಕು, ಉಕ್ಕಿದ್ದನ್ನು ಸೋಸಿ ಬಾವಿಗೇ ಬಿಡಿ.

ನೆಲದ ಮಾತು. ಮಳೆಗಾಲದ ನೆರೆ ಅಳಿವೆಯ ಬಾಯನ್ನು ಅಗಲಿಸುತ್ತದೆ, ಬೇಸಿಗೆಯಲ್ಲಿ ಹೊಯಿಗೆ ಬಂದು ಅದನ್ನು ಕಿರಿದಾಗಿಸುತ್ತದೆ, ಬಾಯಿ ಆಚೀಚೆ ಸರಿಯುತ್ತಲೂ ಇರುತ್ತದೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಕಂಡು ಧೈರ್ಯ ತಾಳಬೇಡಿ. ಗೋಡೆಗೆ ಬಡಿದು ಮರಳುವ ಅಲೆ ಬುಡದ ಹೊಯಿಗೆಯನ್ನು ಎಳೆದೊಯ್ಯುತ್ತದೆ, ಕಲ್ಲು ಕುಸಿಯುತ್ತದೆ, ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಜೋರಾಗುತ್ತದೆ. ಹಾಗಾಗಿ ಗೋಡೆಯ ಕೊನೆಗೆ ತಾಗಿದ ಜಾಗ ಎಷ್ಟು ಅಗ್ಗವಾದರೂ ಬೇಡ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆರೆದು ದಡ ಎಷ್ಟು ಸರಿದಿದೆ ನೋಡಿ, ಜಾಗದ ಮೇಲೆ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತಾಳೆ ಮಾಡಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) 20 ಸೆಂಟ್ಸ್ ಎಂದಿರುವ ಜಾಗ ನೆಲದ ಮೇಲೆ ಅಷ್ಟು ಉಳಿದಿರಬೇಕೆಂದೇನಿಲ್ಲ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಎರಡೂ ಕಡೆ ಬಿಗಿ. 2019ರ ಅಧಿಸೂಚನೆಯಂತೆ ಗ್ರಾಮೀಣ ಭಾಗದಲ್ಲಿ ಭರತರೇಖೆಯಿಂದ, ಅಂದರೆ ಉಬ್ಬರ ತಲುಪುವ ಅತಿ ಮೇಲಿನ ಗೆರೆಯಿಂದ, 200 ಮೀಟರ್ ನಿರ್ಮಾಣ ನಿಷಿದ್ಧ ವಲಯ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿದ್ದ ಕಡೆ 50 ಮೀಟರ್. ಹೊಳೆಯ ಬದಿಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಕಿರಿದಾದ ಪಟ್ಟಿಯಲ್ಲಿ ಎರಡೂ ಕಡೆಯಿಂದ ಗೆರೆ ಎಳೆದರೆ ಹೊಸ ಮನೆಗೆ ಉಳಿಯುವ ಜಾಗ ಬಹಳ ಕಡಿಮೆ. ನಿಷಿದ್ಧ ವಲಯದೊಳಗೆ ಅಧಿಕೃತವಾಗಿ ಇದ್ದ ಮನೆಯನ್ನು ಅದೇ ತಳವಿಸ್ತೀರ್ಣದಲ್ಲಿ ದುರಸ್ತಿ ಮಾಡಲು, ಮತ್ತೆ ಕಟ್ಟಲು ಅವಕಾಶವಿರುವುದರಿಂದ ಹಳೆಯ ಹೆಂಚಿನ ಮನೆ ಖಾಲಿ ಜಾಗಕ್ಕಿಂತ ಒಳ್ಳೆಯ ಖರೀದಿ. ಆದರೆ ಅದರ ಮನೆ ನಂಬರು, ತೆರಿಗೆ ರಸೀದಿ, ಪಂಚಾಯತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇರಲೇಬೇಕು. ವಲಯ ಯಾವುದೆಂದು ಬ್ರೋಕರ್ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಸರ್ವೆ ನಂಬರ್ ಹಿಡಿದು ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಕೇಳಿ.

ಆರ್‌ಸಿಸಿ ಮನೆಯಾದರೆ ಸೂರಡಿಯನ್ನೂ ಸ್ಲ್ಯಾಬಿನ ಅಡಿಯನ್ನೂ ದಿಟ್ಟಿಸಿ ನೋಡಿ. ಕಂದು ಗೆರೆ, ತಟ್ಟಿದರೆ ಟೊಳ್ಳು ಸದ್ದು ಬಂದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ ಎಂದೇ ಅರ್ಥ. ಮೇಲೆ ಬಣ್ಣ ಬಳಿದರೆ ಅದು ನಿಲ್ಲದು. ಹೊಸದಾಗಿ ಕಟ್ಟುವುದಾದರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕರಾವಳಿಗೆ ಹೇಳುವುದು ಎಂ30 ದರ್ಜೆಯ ಕಾಂಕ್ರೀಟು, ಕಂಬಿಯ ಮೇಲೆ 45 ಮಿಲಿಮೀಟರ್ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ). ಅಲೆಯ ತುಂತುರು ತಾಗುವಲ್ಲಿ ಎಂ35 ಮತ್ತು 50. ಮೇಸ್ತ್ರಿಗಳು ರೂಢಿಯಂತೆ 25 ಮಿಲಿಮೀಟರ್ ಕವರಿಗೇ ನಿಲ್ಲಿಸುತ್ತಾರೆ, ಆ ಅಂತರ ಕಾಯುವ ಕವರ್ ಬ್ಲಾಕ್ ನೀವೇ ಎಣಿಸಿ ಇಡಿಸಿ.

ಸದ್ದಿನಲ್ಲಿ ಕೋಡಿಬೆಂಗ್ರೆ ಗೆಲ್ಲುತ್ತದೆ. ವಾರದ ದಿನಗಳಲ್ಲಿ ಅಲೆ ಮತ್ತು ದೋಣಿಯ ಮೋಟಾರು ಬಿಟ್ಟರೆ ಏನೂ ಇಲ್ಲ. ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್, ಜುಲೈಯಲ್ಲಿ ಇನ್ನೂ ಮೌನ. ಸಸಿಹಿತ್ಲಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಬೀಚಿಗೆ ಬರುವವರು ಹೆಚ್ಚಿದ್ದಾರೆ. ಭಗವತೀ ಕ್ಷೇತ್ರದ ಜಾತ್ರೆಯ ದಿನಗಳಲ್ಲಿ ಊರು ತುಂಬುತ್ತದೆ, ಅದನ್ನು ದೂರುವವರು ಆ ಊರಿಗೆ ಬರಬಾರದು.

ನಮ್ಮ ತೀರ್ಪು ಸಸಿಹಿತ್ಲಿನ ಕಡೆಗೆ, ಅದೂ ಅಳಿವೆಯಿಂದ ಚೆನ್ನಾಗಿ ತೆಂಕಣಕ್ಕೆ, ರಸ್ತೆಯ ಮೂಡು ಬದಿಯಲ್ಲಿರುವ ಹಳೆಯ ಮನೆಗೆ. ದಿನವೂ ಪೇಟೆಗೆ ಹೋಗುವ ಅಗತ್ಯವಿಲ್ಲದ, ಆರೋಗ್ಯ ಗಟ್ಟಿಯಿರುವ ಇಬ್ಬರಿಗೆ ಕೋಡಿಬೆಂಗ್ರೆ ಒಳ್ಳೆಯ ಊರು, ಬಾಡಿಗೆಗೆ. ಯಾವುದೇ ಊರಾದರೂ ಕರಾರು ಜೂನಿನಿಂದ ಮೇವರೆಗೆ ಮಾಡಿಸಿಕೊಳ್ಳಿ, ಕೊಳ್ಳುವ ಮಾತು ಆ ಮೇ ತಿಂಗಳ ಬಾವಿನೀರು ನೋಡಿದ ಮೇಲೆ.